ಹಳದಿ ದೀಪದ ಮತಗಳು

ಎಂಟನೆಯ ಭಾನುವಾರದ ಸಂಜೆ, ಇಡೀ ದೇಶದ ಮತ ಎಣಿಸುವ ಹುಬ್ಬಳ್ಳಿಯ ಕೇಂದ್ರದಲ್ಲಿ ಪರದೆ ನೋಡುವ ಉಮೇದು ಯಾರಿಗೂ ಉಳಿದಿರಲಿಲ್ಲ. ಮೊದಲ ಭಾನುವಾರ ಇದೇ ಕೋಣೆಯಲ್ಲಿ ಪೇಢೆ ಹಂಚಿದ್ದರು. ಈಗ ಪೇಢೆಯ ಮಾತು ದೂರ, ಚಹಾ ತರುವವನೂ ಬೇಸತ್ತು ಫ್ಲಾಸ್ಕನ್ನು ಬಾಗಿಲ ಬಳಿ ಇಟ್ಟು ಹೋಗಿಬಿಡುತ್ತಿದ್ದ. ಬೇಕಾದವರು ಎದ್ದು ಬಗ್ಗಿಸಿಕೊಳ್ಳಬೇಕು. ಏಳುವುದಕ್ಕೂ ಬೇಸರವೆಂದು ಅನೇಕರು ಕುಡಿಯುತ್ತಲೇ ಇರಲಿಲ್ಲ.

ರಾಷ್ಟ್ರಪತಿಯನ್ನು ಶಾಸಕರು, ಸಂಸದರು ಆರಿಸುವ ಕಾಲ ಮುಗಿದಿತ್ತು. ಜನರೇ ನೇರವಾಗಿ ಆರಿಸಲಿ ಎಂದು ಸಂವಿಧಾನ ತಿದ್ದಿದರು. ಮೊದಲ ನೇರ ಚುನಾವಣೆಯಲ್ಲಿ ಸೀರೆ, ಮಿಕ್ಸರು, ಬೆದರಿಕೆ ಎಲ್ಲವೂ ಧಾರಾಳವಾಗಿ ಹರಿದವು. ಮತ ಕೊಟ್ಟವರ ಕೈ ಕಂಡಿತು, ಮನಸ್ಸು ಕಾಣಲಿಲ್ಲ ಎಂದು ದೊಡ್ಡವರೆಲ್ಲ ಕೊರಗಿದರು. ಹಾಗಾದರೆ ಮನಸ್ಸನ್ನೇ ಅಳೆದರಾಯಿತು ಎಂದು ವಿಜ್ಞಾನಿಗಳು ಮುಂದೆ ಬಂದರು. ಹೀಗೆ ಹುಟ್ಟಿದ್ದು ಇಚ್ಛಾಮಾಪಕ. ನಮ್ಮ ಕಡೆಯ ಜನ ಅದನ್ನು ಮನಸಿನ ಪೆಟಿಗಿ ಎಂದು ಕರೆದರು.

ಪೆಟ್ಟಿಗೆಯಲ್ಲಿ ಮಾಯೆಯೇನೂ ಇರಲಿಲ್ಲ. ಅಂಗೈ ಇಡಲು ಒಂದು ಲೋಹದ ತಟ್ಟೆ, ಎದುರಿಗೊಂದು ಮೈಕು. ಅಂಗೈ ಇಟ್ಟು ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ನಾಡಿಯ ಬಡಿತ, ಅಂಗೈಯ ಬೆವರು, ದನಿಯ ನಡುಕ ಈ ಮೂರನ್ನೂ ಕೂಡಿಸಿ, ಹೇಳಿದ ಹೆಸರಿನ ಹಿಂದೆ ಮನಸ್ಸು ಎಷ್ಟಿದೆ ಎಂದು ಅದು ಲೆಕ್ಕ ಹಾಕುತ್ತಿತ್ತು. ಗೊತ್ತುಮಾಡಿದ ಗೆರೆ ದಾಟಿದರೆ ಹಸಿರು ದೀಪ, ದಾಟದಿದ್ದರೆ ಹಳದಿ. ಹಳದಿ ಮತ ದಾಖಲಾಗುತ್ತಿತ್ತು, ಆದರೆ ಎಣಿಕೆಗೆ ಬರುತ್ತಿರಲಿಲ್ಲ. ಮತಗಟ್ಟೆಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹಸಿರು ಮತ ಸಿಕ್ಕವರು ರಾಷ್ಟ್ರಪತಿ. ಯಾರಿಗೂ ಸಿಗದಿದ್ದರೆ ಮುಂದಿನ ಭಾನುವಾರ ಮತ್ತೆ ಸಾಲು, ಮತ್ತೆ ಅಂಗೈ, ಮತ್ತೆ ಹೆಸರು.

ಯಾರಿಗೂ ಸಿಗುತ್ತಿರಲಿಲ್ಲ. ಜನರಿಗೆ ಊರ ನೀರಿನ ಬಗ್ಗೆ ಮನಸ್ಸಿತ್ತು, ಮಕ್ಕಳ ಮದುವೆಯ ಬಗ್ಗೆ ಮನಸ್ಸಿತ್ತು. ದಿಲ್ಲಿಯ ಆ ದೊಡ್ಡ ಮನೆಯಲ್ಲಿ ಯಾರು ಕೂರಬೇಕೆಂಬ ಬಗ್ಗೆ ಒಂದು ಮಟ್ಟಿಗೆ ಅಭಿಪ್ರಾಯವಿತ್ತೇ ಹೊರತು ಎದೆ ಬಡಿದುಕೊಳ್ಳುವಷ್ಟು ಮನಸ್ಸಿರಲಿಲ್ಲ. ಪೆಟ್ಟಿಗೆ ಕೇಳುತ್ತಿದ್ದುದು ಮಾತ್ರ ಅದನ್ನೇ.

ಆ ಗೆರೆ ಎಳೆದವಳು ನೀಲಾಂಬಿಕಾ ಅಂಗಡಿ. ಕೇಂದ್ರದ ಮಾಪನಾಧಿಕಾರಿ. ಗೆರೆಯನ್ನು ಏರಿಸುವ, ಇಳಿಸುವ ಅಧಿಕಾರ ಕಾನೂನಿನ ಪ್ರಕಾರ ಅವಳೊಬ್ಬಳದು. ಅವಳ ಸಹಿ ಬೀಳದೆ ಯಾವ ಭಾನುವಾರದ ಫಲಿತಾಂಶವೂ ಹೊರಬೀಳುವಂತಿರಲಿಲ್ಲ. ಇಷ್ಟೆಲ್ಲ ಇದ್ದೂ, ಎಂಟು ಭಾನುವಾರವೂ ಅವಳ ಸ್ವಂತ ಮತ ಹಳದಿಯೇ ಆಗಿತ್ತು. ಇಳವರಸಿ ಎಂದು ಪ್ರತಿ ಸಲ ಹೇಳುತ್ತಿದ್ದಳು. ಆ ತಮಿಳು ಹೆಣ್ಣುಮಗಳು ಒಳ್ಳೆಯವಳು, ಓದಿದವಳು ಎಂದು ಅವಳಿಗೆ ಅನ್ನಿಸಿತ್ತು. ಅನ್ನಿಸಿದ್ದು ಪೆಟ್ಟಿಗೆಗೆ ಸಾಲುತ್ತಿರಲಿಲ್ಲ.

“ಮೇಡಮ್ರ, ಸ್ವಲ್ಪ ಇಲ್ಲಿ ಬರ್ರಿ,” ಎಂದು ಕೇಂದ್ರದ ಮುಖ್ಯಸ್ಥ ಖಾಜಾಹುಸೇನ ನದಾಫರು ಕೂಗಿದರು. “ನನ್ನ ಕಣ್ಣಿಗೇನರ ಆಗೇತೋ, ಇಲ್ಲಾ ಸೈಕಿಯಾ ಖರೇನ ಅರ್ಧ ದಾಟ್ಯಾರೋ?”

ದಾಟಿದ್ದರು. ಕೂದಲೆಳೆಯಷ್ಟು ಮಾತ್ರ. ಅಸ್ಸಾಮಿನ ದೇವವ್ರತ ಸೈಕಿಯಾ, ನಿವೃತ್ತ ನ್ಯಾಯಾಧೀಶರು, ಈ ಭಾನುವಾರ ಗೆದ್ದಿದ್ದರು. ಕೋಣೆಯಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಲು ಹೋಗಿ, ಜೊತೆ ಸಿಗದೆ ನಿಲ್ಲಿಸಿದರು. ನದಾಫರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ಸಹಿ ಹಾಕಿಬಿಡ್ರಿ. ದೇಶಕ್ಕ ದೇಶಾನ ಮಲಗಲಿ. ಮೊದಲು ಎಂಎಲ್ಎ, ಎಂಪಿಗಳು ಆರಿಸತಿದ್ರು, ನಾವು ಪೇಪರಿನ್ಯಾಗ ಓದಿ ಮರತುಬಿಡತಿದ್ವಿ. ಎಷ್ಟ ಆರಾಮಿತ್ತು!”

“ಒಂದ ನಿಮಿಷ ಸರ,” ಎಂದಳು ನೀಲಾಂಬಿಕಾ.

ಅವಳ ಕಣ್ಣು ನಕಾಶೆಯ ಮೇಲಿತ್ತು. ಹಿಂದಿನ ವಾರಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಹಸಿರು ಚುಕ್ಕೆಗಳು ಈ ವಾರ ಒಂದೇ ಪಟ್ಟಿಯಲ್ಲಿ ದಟ್ಟವಾಗಿದ್ದವು. ಗದಗ, ಬಾಗಲಕೋಟೆ, ವಿಜಯಪುರ, ಅಲ್ಲಿಂದ ಗಡಿ ದಾಟಿ ಸೊಲ್ಲಾಪುರ, ಸಾತಾರಾ. ಮತದ ಜೊತೆ ಹಾಕಿದವರ ಹೆಸರು ಇರುವುದಿಲ್ಲ, ಊರು, ವಯಸ್ಸು, ಹೆಣ್ಣೋ ಗಂಡೋ ಎಂಬುದಷ್ಟೇ. ಅವಳು ವಿಂಗಡಿಸಿ ನೋಡಿದಳು. ಹೆಚ್ಚಿದ್ದೆಲ್ಲ ಅರವತ್ತು ದಾಟಿದ ಹೆಣ್ಣುಮಕ್ಕಳ ಮತ. ಎಲ್ಲವೂ ಸೈಕಿಯಾಗೆ. ನಾಡಿ, ಬೆವರು, ದನಿ ಕೂಡಿಸಿ ಪೆಟ್ಟಿಗೆ ಬರೆದ ಆ ಮತಗಳ ಅಲೆ ಎಷ್ಟು ಎತ್ತರಕ್ಕೆ ಎದ್ದಿತ್ತೆಂದರೆ, ಸೈಕಿಯಾರ ಸ್ವಂತ ಊರಿನಲ್ಲೂ ಅಂಥ ಅಲೆ ಎದ್ದಿರಲಿಲ್ಲ. ಆ ಪಟ್ಟಿ ಶುರುವಾಗಿದ್ದು ಗದಗಿನ ಬೆಟಗೇರಿಯಿಂದ, ಅವಳದೇ ಓಣಿಯ ಮತಗಟ್ಟೆಯಿಂದ.

“ಈ ಮುದುಕ್ಯಾರಿಗೆ ಅಸ್ಸಾಮಿನ ಜಡ್ಜ್ ಸಾಹೇಬರ ಮ್ಯಾಲ ಇಷ್ಟ್ಯಾಕ ಪ್ರೀತಿ ಸರ?”

“ಇರಲಿ ಬಿಡ್ರಿ, ಯಾರಿಗರ ಇರಲಿ,” ಎಂದರು ನದಾಫರು. ಆದರೆ ಅವರ ಮುಖ ಇಳಿದಿತ್ತು. ನಿಯಮ ಅವರಿಗೂ ಗೊತ್ತಿತ್ತು. ಅನುಮಾನ ಬಂದ ಮೇಲೆ ಸ್ಥಳಕ್ಕೆ ಹೋಗಿ ಪರೀಕ್ಷಿಸದೆ ಸಹಿ ಹಾಕುವಂತಿಲ್ಲ. “ನಾಳೆ ಸಂಜೀತನಕ ತಡೀತೇನಿ. ಅಷ್ಟ್ರಾಗ ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ. ಊಹೂಂ ಅಂದ್ರ ಒಂಬತ್ತನೇ ಐತಾರ. ನೆನಪಿರಲಿ.”

ನೆನಪಿಡಲು ಅವಳಿಗೇನೂ ಕಷ್ಟವಿರಲಿಲ್ಲ. ಈ ಚುನಾವಣೆ ಶುರುವಾದಾಗಿನಿಂದ ಅವಳು ಹುಬ್ಬಳ್ಳಿಯ ಬಾಡಿಗೆ ಕೋಣೆಯಲ್ಲಿದ್ದಳು. ಭಾನುವಾರ ಎಣಿಕೆ ಮುಗಿಸಿ ರೈಲು ಹಿಡಿದು ಮನೆಗೆ ಹೋದರೆ ಸೋಮವಾರ ವಾಪಸು. ಸಹಿ ಹಾಕಿದರೆ ಈ ಓಡಾಟ ಮುಗಿಯುತ್ತಿತ್ತು. ಸುಸ್ತು ಅವಳ ಮೂಳೆಗೆ ಇಳಿದಿತ್ತು.

ಗದಗಿನ ಸ್ಟೇಶನ್ನಿನಲ್ಲಿ ಗಂಡ ಚನ್ನವೀರ ಎಂದಿನಂತೆ ಅದೇ ಕಂಬಕ್ಕೆ ಒರಗಿ ನಿಂತಿದ್ದ. ರೈಲು ಎಂದಿನಂತೆ ತಡವಾಗಿತ್ತು. ಅವನು ಬ್ಯಾಗು ತೆಗೆದುಕೊಂಡ. ಅವಳು ಕೊಟ್ಟಳು. “ಊಟ ಆತೇನ?” “ಇಲ್ಲ.” “ಅವ್ವ ಝುಣಕಾ ಮಾಡ್ಯಾಳ.” ಬೆಟಗೇರಿಯವರೆಗೆ ಅಷ್ಟೇ ಮಾತು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಹೇಳುವುದೆಲ್ಲ ಎಂದೋ ಹೇಳಿ ಮುಗಿದಿದೆ ಎಂದು ಇಬ್ಬರೂ ಒಪ್ಪಿಕೊಂಡಂತಿದ್ದರು.

ಮನೆಯಲ್ಲಿ ದಣಿಯದವಳು ಒಬ್ಬಳೇ, ಅತ್ತೆ ಶಿವಗಂಗವ್ವ. ಎಪ್ಪತ್ತೆಂಟರ ಮುದುಕಿ, ಮತ ಹಾಕಲು ಉಟ್ಟ ಇಳಕಲ್ ಸೀರೆಯನ್ನು ಇನ್ನೂ ಬಿಚ್ಚಿರಲಿಲ್ಲ. ರೊಟ್ಟಿ ಬಡಿಸುತ್ತ ಅವಳ ಬಾಯಿ ನಿಲ್ಲಲಿಲ್ಲ. ಸಾಲಿನಲ್ಲಿ ಯಾರು ಮುಂದೆ ನಿಂತರು, ಯಾರ ಮೊಣಕಾಲು ಬಾತಿದೆ, ಬಸವ್ವ ಹೇಗೆ ನಕ್ಕಳು.

“ಅತ್ತೀ,” ಎಂದಳು ನೀಲಾಂಬಿಕಾ, “ನಿಮಗ ಹಸರ ದೀಪ ಬರತೈತೇನ್ರಿ?”

“ಮೂರು ಐತಾರದಿಂದ ಹಸರನವಾ! ಮೊದಮೊದಲ ನನಗೂ ಹಳದೀನ ಬರತಿತ್ತು. ಒಂದಿನ ಆ ಮೈಕಿನ ಮುಂದ ನಿಂತಾಗ ನಗಿ ಬಂತು. ಹೆಸರ ಹೇಳು, ಹೆಸರ ಹೇಳು ಅಂತ ಗಂಟ ಬಿದ್ದೈತಿ, ಮದವ್ಯಾಗ ಕೇಳಿದಂಗ. ಹಂಗಾರ ತಗೋ ಅಂತ ಒಂದ ಒಡಪ ಕಟ್ಟಿ ಹೇಳಿಬಿಟ್ಟೆ. ಹಸರ ಹತ್ತತು!”

ಚನ್ನವೀರ ತುತ್ತು ಕೈಯಲ್ಲೇ ಹಿಡಿದು ಕೇಳಿದ. “ಏನ ಒಡಪ ಹೇಳಿದಿ ಯವ್ವಾ?”

ಶಿವಗಂಗವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ದನಿ ತಾನಾಗಿ ತೆಳ್ಳಗಾಯಿತು.

“ಹಗ್ಗದ ಮ್ಯಾಲ ಹಾಸೈತಿ ಹಸರ ಪತ್ತಲ,
ದೇವವ್ರತ ಸೈಕಿಯಾ ಅವರ ಹೆಸರ ಹೇಳಿದ್ರ ಮನ್ಯಾಗ ಇರೂದಿಲ್ಲ ಕತ್ತಲ.”

ನೀಲಾಂಬಿಕಾ ನಗಲಿಲ್ಲ. ಗಂಡನ ಹೆಸರನ್ನು ಬರಿದಾಗಿ ಹೇಳಲು ನಾಚುವ ಹೆಣ್ಣುಮಕ್ಕಳು ಹೆಸರಿನ ಹಿಂದುಮುಂದೆ ಪ್ರಾಸ ಕಟ್ಟಿ ಒಡಪು ಹೇಳುವ ಪದ್ಧತಿ ಅವಳಿಗೇನೂ ಹೊಸದಲ್ಲ. ಅವಳ ಮದುವೆಯಲ್ಲಿ ಎಲ್ಲರೂ ಒಡಪು ಹೇಳೆಂದು ಸುತ್ತುಗಟ್ಟಿದಾಗ, “ಚನ್ನವೀರ. ಅದರಾಗ ನಾಚೂದೇನೈತಿ?” ಎಂದು ಸೀದಾ ಹೇಳಿ ಎಲ್ಲರ ಉತ್ಸಾಹಕ್ಕೆ ತಣ್ಣೀರು ಎರಚಿದವಳು ಅವಳೇ.

“ಇಳವರಸಿಯವರ ಹೆಸರ ಯಾಕ ಹೇಳಲಿಲ್ಲ ಅತ್ತೀ?”

“ಹೆಣ್ಣ ಹೆಸರ ಒಡಪಿನ್ಯಾಗ ಹೆಂಗ ಹೇಳೂದ ನಮ್ಮವ್ವಾ?” ಮುದುಕಿ ಬಾಯಿಗೆ ಸೆರಗು ಒತ್ತಿ ನಕ್ಕಳು. “ಬಸವ್ವಗ, ಶಾಂತವ್ವಗ ಎಲ್ಲಾರಿಗೂ ಕಲಿಸೇನಿ. ಬಸವ್ವ ಸೊಲ್ಲಾಪುರದ ಮಗಳ ಮನೀಗ ಹೋಗಿದ್ಲು, ಅಲ್ಲೀ ಮಂದೀಗೂ ಹಿಡದೈತಿ ಹುಚ್ಚು.”

ಪರದೆಯ ಮೇಲಿನ ಪಟ್ಟಿ ನೀಲಾಂಬಿಕಾಳ ಕಣ್ಣ ಮುಂದೆ ಹಾದುಹೋಯಿತು. ಗೆರೆ ಎಳೆಯುವಾಗ ಪ್ರಯೋಗಾಲಯದಲ್ಲಿ ಅವಳು ಹರೆಯದ ಹುಡುಗ ಹುಡುಗಿಯರನ್ನು ಕೂರಿಸಿ, ನೀವು ಅತಿ ಹೆಚ್ಚು ಪ್ರೀತಿಸುವವರ ಹೆಸರು ಹೇಳಿ ಎಂದಿದ್ದಳು. ಒಬ್ಬ ಹುಡುಗಿ ಹೆಸರು ಹೇಳುವ ಮೊದಲೇ ಕಿವಿಯವರೆಗೆ ಕೆಂಪಾಗಿದ್ದಳು. ಆ ಹುಡುಗಿಯ ನಾಡಿ ಬರೆದ ಅಲೆಯನ್ನೇ ಖರೆ ಮನಸ್ಸಿನ ಅಳತೆ ಎಂದು ನೀಲಾಂಬಿಕಾ ಹಿಡಿದಿದ್ದಳು. ಮನಸ್ಸೆಂದರೆ ಅದೇ ಎಂದು ಆಗ ಎಲ್ಲ ತಜ್ಞರೂ ತಲೆದೂಗಿದ್ದರು. ಬರೀ ನಾಚಿದರೂ ಅದೇ ಅಲೆ ಏಳುತ್ತದೆಂಬುದು ಯಾರಿಗೂ ಹೊಳೆದಿರಲಿಲ್ಲ.

ಮರುದಿನ ಬೆಳಗ್ಗೆ ನೇಕಾರರ ಸಂಘದ ಸಭಾಭವನದಲ್ಲಿದ್ದ ಮತಗಟ್ಟೆಯ ಬೀಗ ತೆಗೆಸಿ, ಅತ್ತೆಯನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. ಬ್ಯಾಗು ಹೊತ್ತು ಚನ್ನವೀರನೂ ಬಂದಿದ್ದ. ಪರೀಕ್ಷೆಯ ಸ್ಥಿತಿಯಲ್ಲಿ ಪೆಟ್ಟಿಗೆಗೆ ಯಾವ ಹೆಸರಾದರೂ ನಡೆಯುತ್ತದೆ.

“ಅತ್ತೀ, ಇಂಥವರೊಬ್ಬರು ಇಲ್ಲವೇ ಇಲ್ಲ. ಸುಳ್ಳ ಹೆಸರು. ಅನಾಮಿಕ ಕುಮಾರ ಅಂತ. ಹೇಳ್ರಿ.”

ಶಿವಗಂಗವ್ವ ಅಂಗೈ ಇಟ್ಟು ಕ್ಷಣ ಯೋಚಿಸಿದಳು.

“ಒಲಿ ಮ್ಯಾಲ ಕುದಿತೈತಿ ಹುಗ್ಗಿಯ ಗಡಿಗಿ,
ಅನಾಮಿಕ ಕುಮಾರ ಅವರು ಉಂಡೆದ್ರ ಸಾರ್ಥಕ ನನ್ನ ಅಡಿಗಿ.”

ದೀಪ ಹಸಿರಾಗಿ ಹತ್ತಿತು. ಇಲ್ಲದ ಮನುಷ್ಯನಿಗೆ ಬೆಟಗೇರಿಯಲ್ಲಿ ತುಂಬು ಮನಸ್ಸಿನ ಒಂದು ಮತ ಬಿತ್ತು. ಮುದುಕಿ ಚಪ್ಪಾಳೆ ತಟ್ಟಿ ನಕ್ಕಳು.

ಪರೀಕ್ಷೆ ಅಲ್ಲಿಗೇ ಮುಗಿದಿತ್ತು. ಆ ಮತಗಳು ಸೈಕಿಯಾರವಲ್ಲ, ರದ್ದು ಮಾಡಬೇಕು. ಆದರೆ ನೀಲಾಂಬಿಕಾಗೆ ಇನ್ನೊಂದು ನೋಡಬೇಕೆನಿಸಿತು. ತಾನು ಎಳೆದ ಗೆರೆ, ತಾನು ಒಮ್ಮೆಯೂ ದಾಟದ ಗೆರೆ. ಅವಳು ತಟ್ಟೆಯ ಮೇಲೆ ಅಂಗೈ ಇಟ್ಟು “ಚನ್ನವೀರ” ಎಂದಳು.

ಹಳದಿ.

ಅವಳಿಗೆ ಅಳು ಬರುವಂತಾಯಿತು. ಸುಸ್ತಿರಬೇಕು ಎಂದುಕೊಂಡು ಮತ್ತೊಮ್ಮೆ ಹೇಳಿದಳು. ಮತ್ತೆ ಹಳದಿ. ಗಂಡನ ಕಡೆ ನೋಡುವ ಧೈರ್ಯ ಬರಲಿಲ್ಲ.

ಚನ್ನವೀರ ಬ್ಯಾಗನ್ನು ಕೆಳಗಿಟ್ಟು ಬಂದ. “ಬಾಜೂಕ ಸರಿ ನೀ,” ಎಂದು ತನ್ನ ಅಂಗೈ ಇಟ್ಟ. “ನೀಲಾಂಬಿಕಾ.”

ಅದೂ ಹಳದಿ. ಅವನು ದೀಪವನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೈಯನ್ನು ಅಂಗಿಗೆ ಒರೆಸಿಕೊಂಡ.

“ಇದಕ್ಕೇನ ಗೊತ್ತೈತಿ ಬಿಡು.”

“ಇದರ ಗೆರಿ ಎಳದಾಕಿ ನಾನ ರೀ.”

“ಹೌದ. ಹಂಗಾರ ನೀನ ಹೇಳು. ಪ್ರತೀ ಐತಾರ ನಾ ಸ್ಟೇಶನ್ನಿಗೆ ಬರತೇನಿಲ್ಲ, ಆ ಕಂಬದ ಕಡೆ ನಿಂತಾಗ ನನ್ನ ಎದಿ ಏನೂ ಡವಡವ ಅನ್ನೂದಿಲ್ಲ. ಕಾಲ ನೋಯತಾವು. ರೈಲ್ವೆದವರಿಗೆ ಬೈಕೋತ ನಿಂತಿರತೇನಿ. ಆದ್ರೂ ಬರತೇನೋ ಇಲ್ಲೋ?”

“ಬರತೀರಿ.”

“ಹಳದೀನ ಬರತೈತಿ. ಹಸರೇನ ಬಂದು ಬ್ಯಾಗ ಹೊರೂದಿಲ್ಲ.”

ಇಷ್ಟುದ್ದ ಮಾತು ಅವನಾಡಿ ಎಷ್ಟು ಕಾಲವಾಗಿತ್ತೋ. ಆಡಿದ ಮೇಲೆ ಅವನಿಗೇ ಮುಜುಗರವಾಗಿ, ಚಹಾ ತರುತ್ತೇನೆಂದು ಹೊರಗೆ ಹೋದ. ನೀಲಾಂಬಿಕಾ ಬೆಂಚಿನ ಮೇಲೆ ಕುಳಿತು ಬಾಗಿಲಾಚೆಯ ಅಂಗಳ ನೋಡಿದಳು. ನಿನ್ನೆ ಸಾಲು ನಿಂತಿದ್ದ ಜಾಗದಲ್ಲಿ ಬಾಳೆಹಣ್ಣಿನ ಸಿಪ್ಪೆ, ನೀರಿನ ಖಾಲಿ ಬಾಟಲಿಗಳು ಬಿದ್ದಿದ್ದವು. ಎಂಟು ಭಾನುವಾರ ಬಿಸಿಲಲ್ಲಿ ನಿಂತು, ಹಳದಿ ನೋಡಿ, ಬೈದುಕೊಂಡು, ಮತ್ತೆ ಬಂದ ಜನ. ಬಾರದೆ ಮನೆಯಲ್ಲೇ ಮಲಗಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅವರು ಬಂದದ್ದನ್ನು ಅವಳು ಎಣಿಸಿದ್ದಳು, ಹೇಳಿದ್ದನ್ನು ಎಣಿಸಿರಲಿಲ್ಲ.

ಅವಳು ನದಾಫರಿಗೆ ಫೋನು ಮಾಡಿದಳು.

“ಹೂಂನೋ ಊಹೂಂನೋ?” ಎಂದರು ಅವರು.

“ಎರಡೂ ಅಲ್ಲ ಸರ. ಆ ಹೆಣ್ಣಮಕ್ಕಳ ಹಸಿರು ಸೈಕಿಯಾ ಅವರದಲ್ಲ. ಹಂಗಂತ ಅವರ ಮತ ತೆಗೆಯೂದಿಲ್ಲ. ಗೆರೀನ ತಪ್ಪೈತಿ. ಅದನ್ನ ಸೊನ್ನೆಗೆ ಇಳಸತೇನಿ.”

ಆ ಕಡೆಯಿಂದ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ ಸಪ್ಪಳ ಕೇಳಿತು.

“ಸೊನ್ನೆಗೆ ಇಳಿಸಿದ್ರ ಹಳದಿ ಎಲ್ಲಾ ಎಣಿಕೀಗೆ ಬರತಾವು. ಪೆಟಿಗಿ ಇದ್ದೂ ಇಲ್ಲದಂಗ.”

“ಹೌದ್ರಿ.”

“ಕಾಯ್ದೆ ಪ್ರಕಾರ ನಿಮಗ ಅಧಿಕಾರ ಐತಿ. ಆದ್ರ ಎನ್ಕ್ವೈರಿ ಆಗತೈತಿ. ಇಷ್ಟ ರೊಕ್ಕ ಸುರದ ಪೆಟಿಗಿ ಮಾಡ್ಯಾರ. ನಿಮ್ಮ ನೌಕರಿ?”

“ಹೋದ್ರ ಹೋಗಲಿ ಸರ. ಖೋಲಿ ಬಾಡಿಗಿ ಉಳೀತೈತಿ.”

“ಕಾರಣ ಏನಂತ ಬರೀತೀರಿ?”

“ನಾವು ಜನರನ್ನ ಯಾರಿರಬೇಕು ಅಂತ ಕೇಳಬೇಕಿತ್ತು. ನಾವು ಕೇಳಿದ್ದು ಪ್ರೀತಿಸ್ತೀರೇನು ಅಂತ. ಅಷ್ಟ ಬರೀತೇನಿ.”

“ಬರೀರಿ,” ಎಂದರು ನದಾಫರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ನಂದೂ ಎಂಟು ವಾರ ಹಳದೀನ ಮೇಡಮ್ರ. ಯಾರಿಗೂ ಹೇಳಿದ್ದಿಲ್ಲ.”

ಗೆರೆ ಇಳಿಯಿತು. ಹಳದಿಯೆಲ್ಲ ಸೇರಿಸಿ ಎಣಿಸಿದಾಗ ಇಳವರಸಿ ಗೆದ್ದಿದ್ದರು. ಯಾರೂ ಪಟಾಕಿ ಹಚ್ಚಲಿಲ್ಲ. ಸೋತ ಸೈಕಿಯಾ ನ್ಯಾಯಾಲಯಕ್ಕೆ ಹೋಗುವುದಾಗಿ ಹೇಳಿ, ಆಮೇಲೆ ಅವರಿಗೂ ಸಾಕೆನಿಸಿತೋ ಏನೋ, ಹೋಗಲಿಲ್ಲ. ಪೆಟ್ಟಿಗೆಗಳನ್ನು ಗೋದಾಮಿಗೆ ಸಾಗಿಸಿದರು. ಬರುವ ಚುನಾವಣೆಗೆ ಏನು ಮಾಡಬೇಕೆಂದು ಒಂದು ಸಮಿತಿ ಕೂತಿತು. ಹಣ ಹಂಚುವವರನ್ನು ಹಿಡಿಯಲು ಪೊಲೀಸರಿಲ್ಲವೇ, ಅದಕ್ಕೆ ಜನರ ಎದೆಗೆ ಯಾಕೆ ಕೈ ಹಾಕಬೇಕಿತ್ತು ಎಂದು ಯಾರೋ ಕೇಳಿದರಂತೆ. ನೀಲಾಂಬಿಕಾಳನ್ನು ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿದರು. ಅವಳು ಎರಡು ದಿನ ಬರೀ ನಿದ್ದೆ ಮಾಡಿದಳು.

ಭಾನುವಾರ ಬೆಳಗ್ಗೆ ಎದ್ದು ಹೊರಗೆ ಬಂದರೆ ಶಿವಗಂಗವ್ವ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದಳು. ಎಣ್ಣೆ ಹಚ್ಚಿ ತಲೆ ಬಾಚಿದ್ದಳು.

“ಎಲ್ಲಿಗೆ ಹೊಂಟೀರಿ ಅತ್ತೀ?”

“ಎಲ್ಲಿಗಿಲ್ಲ. ರೂಢಿ ಬಿದ್ದೈತಲ್ಲ.” ಮುದುಕಿ ಓಣಿಯ ಕಡೆ ನೋಡಿದಳು. “ಇನ್ನ ಪೆಟಿಗಿ ಬರೂದ ಇಲ್ಲೇನವಾ?”

“ಐದ ವರ್ಷಕ್ಕೊಮ್ಮೆ ವೋಟಿರತೈತಿ. ಸುಮ್ನ ಬಟನ್ ಒತ್ತೂದು. ಹೆಸರ ಹೇಳೂದ ಬ್ಯಾಡ.”

“ಹಂಗೇನ.” ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡಳು. “ನಿಮ್ಮ ಮಾವ ಹೋಗಿ ಇಪ್ಪತ್ತೆರಡು ವರ್ಷ ಆತು. ಮುತ್ತೈದ್ಯಾರ ನಡುವ ಕುಂತಾಗ ಎಲ್ಲಾರಿಗೂ ಹೆಸರ ಹೇಳು ಅಂತಾರ, ನನ್ನ ಪಾಳಿ ಬಂದ್ರ ದಾಟಿ ಮುಂದಿನಾಕಿಗೆ ಕೇಳತಾರ. ತಪ್ಪಲ್ಲ, ಪದ್ಧತಿ. ಬಸವ್ವಗೂ ಹಂಗ, ಶಾಂತವ್ವಗೂ ಹಂಗ. ಆ ಪೆಟಿಗಿ ಒಂದ ನೋಡು, ಬೋಳ ಹಣಿ ನೋಡಲಿಲ್ಲ, ಹೆಸರ ಹೇಳ ಅಂತ ನನಗೂ ಕೇಳತು. ಯಾರದರ ಹೆಸರಾಗಲಿ, ಕೇಳತಲ್ಲ.”

ನೀಲಾಂಬಿಕಾ ಪಟ್ಟಿ ಪಟ್ಟಿಯಾಗಿ ಕಂಡ ಆ ಹಸಿರಿನಲ್ಲಿ ಎಲ್ಲವನ್ನೂ ವಿಂಗಡಿಸಿ ನೋಡಿದ್ದಳು, ಇದೊಂದನ್ನು ನೋಡಿರಲಿಲ್ಲ. ಅವಳಿಗೆ ಅತ್ತೆಯ ಮೇಲೆ ಅಕ್ಕರೆ ಉಕ್ಕಿತು. ಕಟ್ಟೆಯ ಮೇಲೆ ಪಕ್ಕಕ್ಕೆ ಕುಳಿತು ತನ್ನ ಅಂಗೈಯನ್ನು ಬಿಡಿಸಿ, ಅದರ ಮೇಲೆ ಮುದುಕಿಯ ಅಂಗೈಯನ್ನು ಇರಿಸಿಕೊಂಡಳು.

“ಹೆಸರ ಹೇಳ್ರಿ ಅತ್ತೀ.”

“ಯಾರದ?”

“ಮಾವನವರದು.”

ಶಿವಗಂಗವ್ವ ಓಣಿಯ ಆ ತುದಿ, ಈ ತುದಿ ನೋಡಿದಳು. ಒಳಗೆ ಚನ್ನವೀರ ಚಹಾ ಸೋಸುತ್ತಿದ್ದ, ಸದ್ದು ನಿಲ್ಲಿಸಿದ. ಮುದುಕಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಪದ ಹುಡುಕಿದಳು. ಅಂಗೈ ಬೆವರಿತು. ಕೆಳಗಿದ್ದ ಸೊಸೆಯ ಕೈಗೆ ನಾಡಿ ಓಡತೊಡಗಿದ್ದು ತಿಳಿಯಿತು.

“ಮಗ್ಗ ನಿಂತೈತಿ, ಸುಮ್ಮನ ಬಿದ್ದೈತಿ ಲಾಳಿ,
ಸಂಗಪ್ಪ ಅವರ ಹೆಸರ ಹೇಳತೇನಿ, ಇರಲಿ ಬಿಡಲಿ ತಾಳಿ.”